ಗೋರಿಯ ಕೋಣೆ, ಲೈನಿನ ಕೋಣೆ



ಈಜಿಪ್ಟಿನ ಕೈರೋದಲ್ಲಿ ಒಂದು ಮುಸ್ಲಿಂ ಗೋರಿಸ್ತಾನ ಇದೆ. ಹೆಸರು ಖರಾಫಾ. ಸಾವಿರದ ಮುನ್ನೂರು ವರ್ಷಕ್ಕೂ ಹಳೇದು. ಸುಲ್ತಾನರ ಗುಮ್ಮಟಗಳ ಮಗ್ಗುಲಲ್ಲೇ ಜನ ಸಂಸಾರ ಮಾಡ್ತಾರೆ. ಪ್ರವಾಸಿಗಳಿಗೆ, ಪೇಪರಿನವರಿಗೆ ಇದೊಂದು ಸೋಜಿಗ. ಸತ್ತವರ ಜೊತೆ ಬಾಳೋ ಜನ ಅಂತ ಫೋಟೋ ಹಾಕ್ತಾರೆ.

ಸೋಜಿಗ ಏನು ಬಂತು ಇದರಲ್ಲಿ? ಉಳ್ಳವರು ಗೋರಿಗೂ ಕಾಂಪೌಂಡು ಕಟ್ಟಿಸಿ, ಹಬ್ಬಕ್ಕೆ ಬಂದಾಗ ತಂಗೋಕೆ ಅಂತ ಕೋಣೆ ಕಟ್ಟಿಸಿದ್ರು. ಅದರಲ್ಲಿ ಮೊದಲು ಕಾವಲಿನವನು, ಗುಂಡಿ ತೋಡೋನು ಇದ್ದ. ಆಮೇಲೆ ಹಳ್ಳಿ ಬಿಟ್ಟು ಬಂದವರು, 1967ರ ಯುದ್ಧದಲ್ಲಿ ಸೂಯೆಜ್ ಕಡೆಯಿಂದ ಓಡಿ ಬಂದವರು, 1992ರ ಭೂಕಂಪದಲ್ಲಿ ಮನೆ ಕಳಕೊಂಡವರು ಸೇರಿಕೊಂಡ್ರು. ಸತ್ತ ಸಿರಿವಂತನಿಗಿದ್ದ ಸೂರು ಬದುಕಿರೋ ಬಡವನಿಗೆ ಇರಲಿಲ್ಲ, ಅಷ್ಟೆ.

2020ರಲ್ಲಿ ಅಲ್ಲಿಗೆ ಬುಲ್ಡೋಜರ್ ಬಂತು. ದೊಡ್ಡ ರಸ್ತೆ ಬೇಕಂತೆ. ಆ ರಸ್ತೆ ಹೆಸರು ಫಿರ್ದೌಸ್, ಅಂದ್ರೆ ಸ್ವರ್ಗ! ಗೋರಿ ಒಡೆದು ಸ್ವರ್ಗಕ್ಕೆ ದಾರಿ. ವಿದ್ವಾಂಸರು ಪರಂಪರೆ ಹಾಳಾಯ್ತು ಅಂತ ಕೂಗಿದ್ರು. ಯುನೆಸ್ಕೋ 1979ರಲ್ಲೇ ಹಳೇ ಕೈರೋವನ್ನು ಪಟ್ಟಿಗೆ ಸೇರಿಸಿದೆ. ಸರಿ, ಕಲ್ಲಿಗೆ ಪಟ್ಟಿ ಉಂಟು. ಕಲ್ಲಿನ ನೆರಳಲ್ಲಿ ಮಲಗೋನು ಯಾವ ಪಟ್ಟಿಯಲ್ಲಿದ್ದಾನೆ?

ಅದು ಸಾಬರ ವಿಷಯ, ದೂರದ ಊರು, ನಮಗ್ಯಾಕೆ ಅನ್ನೋರು ಆಂಡರ್ಸನ್‌ಪೇಟೆಯಿಂದ ಚಾಂಪಿಯನ್ ರೀಫ್ ಕಡೆ ಒಮ್ಮೆ ನಡೆದು ನೋಡಿ. ಅಲ್ಲಿ ಕಾಣೋದು ಗುಡ್ಡ ಅಲ್ಲ, ಸೈನೈಡ್ ದಿಬ್ಬ. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಆದಿದ್ರಾವಿಡ ಕೂಲಿಗಳು ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಒಡೆದ ಕಲ್ಲಿನ ಪುಡಿ ಅದು. ಚಿನ್ನ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಲಂಡನ್ನಿಗೆ ಹೋಯ್ತು, ಧೂಳು ಕೂಲಿಯ ಶ್ವಾಸಕೋಶಕ್ಕೆ ಹೋಯ್ತು. 1902ರಲ್ಲೇ ಶಿವನಸಮುದ್ರದ ಕರೆಂಟು ಇಲ್ಲಿಗೆ ಬಂತು ಅಂತ ಪಠ್ಯಪುಸ್ತಕ ಹೆಮ್ಮೆಪಡ್ತದೆ. ಬಂದದ್ದು ಗಣಿಯ ಯಂತ್ರಕ್ಕೆ ಸ್ವಾಮಿ! ಕೂಲಿಗೆ ಸಿಕ್ಕಿದ್ದು ಲೈನಿನ ಒಂದು ಕೋಣೆ. ಅದು ಮನೆಯಲ್ಲ, ಪಾಳಿ ಮುಗಿಸಿದ ಮೈಯನ್ನು ಮುಂದಿನ ಪಾಳಿತನಕ ಇಡೋ ಪೆಟ್ಟಿಗೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ರು. ಜನ ಅದೇ ಲೈನಿನಲ್ಲಿ, ಅದೇ ದಿಬ್ಬದ ಬುಡದಲ್ಲಿ ಉಳಿದ್ರು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯೋಕೆ ಹೋಗಿ ರಾತ್ರಿ ಮಲಗೋಕೆ ಬರ್ತಾರೆ. ಈಗ ಆ ಧೂಳಿಗೂ ಬೆಲೆ ಬಂದಿದೆ. 13 ದಿಬ್ಬ, ಸಾವಿರ ಎಕರೆಗೂ ಮಿಕ್ಕಿದ ಜಾಗದಲ್ಲಿ ಮತ್ತೆ ಚಿನ್ನ ತೆಗೆಯೋದಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ದಿಬ್ಬ ಅಗೆದಾಗ ಏಳೋ ಧೂಳು ಯಾರ ಅನ್ನದ ತಟ್ಟೆಗೆ ಬೀಳ್ತದೆ ಅಂತ ಯಾರೂ ಕೇಳಲಿಲ್ಲ.

ಇನ್ನೊಂದು ಮಾತು, ನಮ್ಮೊಳಗಿನದು. ಹಾಸ್ಟೆಲಿನಲ್ಲಿ ಕೆಜಿಎಫ್ ಹುಡುಗನನ್ನು 'ತಮಿಳವನು' ಅಂತ ಆಡಿಕೊಳ್ಳೋರು ನಮ್ಮ ಕೇರಿಯವರೇ ಇದ್ದಾರೆ. ನಾಚಿಕೆ ಆಗಬೇಕು. ಕನ್ನಡದ ಕೇರಿಗೇನು ಹೆಚ್ಚು ಸಿಕ್ಕಿದೆ? ಊರೂರಿಗೂ ಸ್ಮಶಾನದ ಜಾಗ ಕೊಡಿ ಅಂತ 2019ರಲ್ಲಿ ಹೈಕೋರ್ಟೇ ಸರ್ಕಾರಕ್ಕೆ ಹೇಳಬೇಕಾಯ್ತು.

ರಜೆಗೆ ಹೋಗೋ ಕೆಜಿಎಫ್ ಗೆಳೆಯರು ತಂತಮ್ಮ ಲೈನಿನಲ್ಲಿ ಪ್ರತಿ ಮನೆಗೂ ಹೋಗಿ ಎರಡೇ ಪ್ರಶ್ನೆ ಕೇಳಿ: ಎಷ್ಟು ವರ್ಷದಿಂದ ಇದ್ದೀರಿ? ಹಕ್ಕುಪತ್ರ ಯಾರ ಹೆಸರಲ್ಲಿದೆ? ಬರಕೊಂಡು ಮುಂದಿನ ಸಭೆಗೆ ತನ್ನಿ.