ಪ್ರತಿಭೆ ಯಾರ ಸೊತ್ತು?

ಪರೀಕ್ಷಾ ಫಲಿತಾಂಶ ಪ್ರಕಟವಾಯಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಪ್ರತಿಭಾ ಪುರಸ್ಕಾರಗಳ ಸಂಭ್ರಮ. ವಿಶ್ವವಿದ್ಯಾನಿಲಯದಲ್ಲಿ ಉನ್ನತ ಸ್ಥಾನ ಗಳಿಸಿದವರಿಗೆ ಶಾಲು, ಹಾರ, ಸ್ಮರಣಿಕೆ. ಇದು ಯೋಗ್ಯವೇ. ಆದರೆ ಚಪ್ಪಾಳೆ ನಿಂತ ಮೇಲೆ ಆ ಯುವಕ ಯುವತಿಯರಿಂದ ನಾವು ಅಪೇಕ್ಷಿಸುವುದೇನು? ಒಳ್ಳೆಯ ಉದ್ಯೋಗ, ಸಾಧ್ಯವಾದರೆ ವಿದೇಶವಾಸ. ಊರಿನ ಹಿತದ ಮಾತು ಬಂದರೆ 'ನಮಗೇಕೆ ಆ ಉಸಾಬರಿ' ಎಂದು ಮುಗಿಸಿಬಿಡುತ್ತೇವೆ.

ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ಹೇಳಿದ ಗುಹೆಯ ದೃಷ್ಟಾಂತ ಪ್ರಸಿದ್ಧ. ಹೊರಬಂದು ಸೂರ್ಯನ ಬೆಳಕನ್ನು ಕಂಡವನು ಮೇಲೆಯೇ ಉಳಿಯುವಂತಿಲ್ಲ. ಕತ್ತಲಲ್ಲಿರುವವರ ಬಳಿಗೆ ಇಳಿದು ರಾಜ್ಯದ ಹೊಣೆ ಹೊರಬೇಕು. ಅವನನ್ನು ಬೆಳೆಸಿದ್ದು ಆ ರಾಜ್ಯವೇ ಅಲ್ಲವೇ? ಕ್ರಿಸ್ತಪ್ರಭುವಿನ ತಲಾಂತುಗಳ ಸಾಮತಿಯಲ್ಲಿಯೂ ದಂಡನೆಗೊಳಗಾದವನು ಕಳ್ಳನಲ್ಲ, ಭಯದಿಂದ ತನ್ನ ಪಾಲನ್ನು ಮಣ್ಣಿನಲ್ಲಿ ಹೂತಿಟ್ಟವನು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ರಾಜಕಾರಣವನ್ನು ಕಷ್ಟವಾದರೂ ಶ್ರೇಷ್ಠವಾದ ಕಲೆಯೆಂದು ಪರಿಗಣಿಸಿ, ಅರ್ಹರು ಅದಕ್ಕೆ ಸಿದ್ಧರಾಗಬೇಕೆಂದು ಬೋಧಿಸಿತು.

'ರಾಜಕೀಯ ಹೊಲಸು, ಓದು ಕೆಡುತ್ತದೆ' ಎಂಬುದು ಹೆತ್ತವರ ಅಂಜಿಕೆ. ಈ ಅಂಜಿಕೆ ನಿರಾಧಾರವೆನ್ನಲಾರೆ. ಆದರೆ ನಾಯಕತ್ವವು ಚುನಾವಣೆಯಿಂದ ಆರಂಭವಾಗುವುದಿಲ್ಲ. ಸದ್ಗುಣವು ಅಭ್ಯಾಸದಿಂದ ಬರುತ್ತದೆಂಬುದು ಅರಿಸ್ಟಾಟಲನ ನಿಲುವು. ಅಂಕಗಳನ್ನು ಒಬ್ಬನೇ ಕುಳಿತು ಗಳಿಸಬಹುದು. ಸಭೆಯಲ್ಲಿ ಎದುರಾಡುವವನ ಮಾತನ್ನು ತಾಳ್ಮೆಯಿಂದ ಕೇಳಿ ಒಮ್ಮತಕ್ಕೆ ತರುವ ವಿದ್ಯೆಯನ್ನು ಒಬ್ಬನೇ ಕಲಿಯಲಾಗದು. ಬುದ್ಧಿವಂತ ಮಕ್ಕಳಿಗೆ ಈ ಪಾಠವೇ ಹೆಚ್ಚು ಅಗತ್ಯ.

ಅದಕ್ಕೆ ಅವಕಾಶಗಳಿಗೆ ಕೊರತೆಯಿಲ್ಲ. ಕಾಲೇಜುಗಳಲ್ಲಿ 1969ರಲ್ಲಿ ಆರಂಭಗೊಂಡ ರಾಷ್ಟ್ರೀಯ ಸೇವಾ ಯೋಜನೆಯಿದೆ. 1989ರಿಂದ ಹದಿನೆಂಟು ತುಂಬಿದವರಿಗೆ ಮತದಾನದ ಹಕ್ಕಿದೆ. ಕರ್ನಾಟಕದ 1993ರ ಪಂಚಾಯತ್ ಕಾಯಿದೆ ಗ್ರಾಮಸಭೆಯಲ್ಲಿ ಪ್ರತಿಯೊಬ್ಬ ಮತದಾರನಿಗೂ ಸ್ಥಾನ ಕೊಟ್ಟಿದೆ. ಮನೆ ಯಾರಿಗೆ, ರಸ್ತೆ ಎಲ್ಲಿಗೆ, ಕುಡಿಯುವ ನೀರು ಹೇಗೆ ಎಂಬ ಚರ್ಚೆ ನಡೆಯುವುದು ಅಲ್ಲಿ. ಅಲ್ಲಿಗೆ ನಾವು ಹೋಗದೆ, ಬಳಿಕ ನಮ್ಮನ್ನು ಕೇಳುವವರಿಲ್ಲವೆಂದು ದೂರಿದರೆ ಏನು ಫಲ?

ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳಿಗೆ ನನ್ನದೊಂದು ಸಲಹೆ. ಈ ವರ್ಷ ಸನ್ಮಾನಿತರಿಗೆ ಶಾಲಿನೊಡನೆ ಒಂದು ಹೊಣೆಯನ್ನೂ ಹೊದಿಸೋಣ. ವರ್ಷವಿಡೀ ಗ್ರಾಮಸಭೆಗೆ ಹೋಗಲಿ. ಪಿಂಚಣಿಯ ಅರ್ಜಿ ತುಂಬಲಾಗದ ನೆರೆಯ ವೃದ್ಧರೊಡನೆ, ಅವರು ಯಾವ ಧರ್ಮದವರೇ ಆಗಿರಲಿ, ಕಚೇರಿಯ ಮೆಟ್ಟಿಲೇರಲಿ. ಪರಿಷತ್ತಿನಲ್ಲಿಯೂ ಅವರಿಗೆ ಕುರ್ಚಿಯ ಜೊತೆಗೆ ಮಾತಿನ ಅವಕಾಶವಿರಲಿ. ಹೆತ್ತವರು ಅಡ್ಡಬಾರದೆ ಹರಸಲಿ. ಮಕ್ಕಳ ಪ್ರತಿಭೆ ಮನೆಯ ಸೊತ್ತಷ್ಟೇ ಅಲ್ಲ. ದೇವರು ಊರಿಗಾಗಿ ನಮ್ಮ ಕೈಯಲ್ಲಿಟ್ಟ ಠೇವಣಿ.