ಊರಿಗೊಂದು ಹಗೇವು, ಊರಿಗೊಂದು ಸರ್ವರ್

ನಮ್ಮ ಕನಕಗಿರಿ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಸ್ವಂತ ಹಗೇವಿದ್ದ ರೈತನು ಬರಗಾಲದಲ್ಲಿಯೂ ಸಾವುಕಾರನ ಬಾಗಿಲಿಗೆ ಬೇಗನೆ ಹೋಗುತ್ತಿರಲಿಲ್ಲ. ಅದಿಲ್ಲದವನು ತಾನೇ ಬೆಳೆದ ಕಾಳನ್ನು ಸುಗ್ಗಿಯಲ್ಲಿ ಸಾವುಕಾರನ ಉಗ್ರಾಣಕ್ಕೆ ಹಾಕಿ, ಮಳೆಗಾಲದಲ್ಲಿ ಅದನ್ನೇ ಬಡ್ಡಿಯ ಮೇಲೆ ಬೇಡಿ ತರುತ್ತಿದ್ದನು. ಇಂದು ನಮ್ಮ ಮಕ್ಕಳ ಪಾಠ, ಮನೆಯ ಫೋಟೊ, ಸಂಘದ ಲೆಕ್ಕಪತ್ರ ಎಲ್ಲವೂ ದೂರದ ಕಂಪನಿಗಳ ಉಗ್ರಾಣ ಸೇರುತ್ತಿವೆ. ಆ ಉಗ್ರಾಣಕ್ಕೆ ಸರ್ವರ್ ಎಂದು ಹೆಸರು.

ಹೆಸರು ಹೊಸದಾದರೂ ನೀತಿ ಹಳೆಯ ಸಾವುಕಾರನದೇ. ಗೂಗಲ್ ಕಂಪನಿಯು 2015ರಲ್ಲಿ, ಕುಗ್ಗಿಸಿದ ಫೋಟೊಗಳನ್ನು ಎಷ್ಟಾದರೂ ಪುಕ್ಕಟೆ ಇಟ್ಟುಕೊಳ್ಳಿರೆಂದು ಜನರನ್ನು ಕರೆಯಿತು. ಜನ ನಂಬಿ ತುಂಬಿದ ಮೇಲೆ, 2021ರ ಜೂನ್ 1ರಿಂದ, ಹೊಸದಾಗಿ ಇಡುವುದೆಲ್ಲ 15 ಜಿಬಿಯ ಲೆಕ್ಕಕ್ಕೆ, ಅದು ಮೀರಿದರೆ ಬಾಡಿಗೆ ಎಂದಿತು. ಮೊಬೈಲ್ ಕಂಪನಿಗಳೂ ಹಾಗೆಯೇ. 2016ರಲ್ಲಿ ಪುಕ್ಕಟೆ ಇಂಟರ್‌ನೆಟ್ಟಿನ ರುಚಿ ಹತ್ತಿಸಿದರು. 2024ರ ಜುಲೈನಲ್ಲಿ ಮೂರು ಖಾಸಗಿ ಕಂಪನಿಗಳೂ ದರ ಏರಿಸಿದವು. ಡೇಟಾ ಅಗ್ಗವಿರುವಾಗ ಸ್ವಂತ ಸರ್ವರ್ ಏಕೆಂದು ಕೇಳುವವರಿಗೆ ಇದೇ ಉತ್ತರ.

ಸ್ವಂತ ಸರ್ವರ್ ಎಂದರೆ ಲಕ್ಷಗಟ್ಟಲೆಯ ಮಾತಲ್ಲ. ರಾಸ್ಪ್‌ಬೆರಿ ಪೈ ಎಂಬ, ಅಂಗೈಯಲ್ಲಿ ಹಿಡಿಯುವ ಒಂದೇ ಹಲಗೆಯ ಗಣಕಯಂತ್ರವಿದೆ. ಶಾಲೆಯ ಮಕ್ಕಳು ಗಣಕವಿದ್ಯೆ ಕಲಿಯಲೆಂದು ಇಂಗ್ಲೆಂಡಿನ ಕೇಂಬ್ರಿಜ್‌ನವರು ಇದನ್ನು 2012ರಲ್ಲಿ 35 ಡಾಲರಿಗೆ ಹೊರತಂದರು. ಇದಕ್ಕೊಂದು ಮೆಮೊರಿ ಕಾರ್ಡು, ಒಂದು ಹಾರ್ಡ್ ಡಿಸ್ಕು, ಒಂದು ವೈಫೈ ಪೆಟ್ಟಿಗೆ ಜೋಡಿಸಿದರೆ ಸುತ್ತಲಿನ ಫೋನುಗಳೆಲ್ಲ ಇಂಟರ್‌ನೆಟ್ಟಿನ ಹಂಗಿಲ್ಲದೆ ಅದರೊಳಗಿನದನ್ನು ಓದಬಲ್ಲವು. ಕಿವಿಕ್ಸ್ ಎಂಬ ತಂತ್ರಾಂಶದಿಂದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಅದರಲ್ಲಿ ಇಡಬಹುದು, ಶಾಲಾ ಪಠ್ಯಪುಸ್ತಕಗಳನ್ನಿಡಬಹುದು. ಏಳು ವ್ಯಾಟಿನಂತೆ ಹಗಲಿರುಳು ಉರಿದರೂ ತಿಂಗಳಿಗೆ ಐದು ಯೂನಿಟ್ ವಿದ್ಯುತ್ತು ಸಾಕು.

ಆ ಹಲಗೆ ಮಾಡುವ ಕಂಪನಿಯ ಷೇರುಗಳೂ 2024ರಿಂದ ಲಂಡನ್ ಪೇಟೆಯಲ್ಲಿ ಬಿಕರಿಯಾಗುತ್ತಿವೆ, ಅದನ್ನು ಪೂಜಿಸಬೇಕಾಗಿಲ್ಲ. ಆದರೆ ಒಳಗೆ ನಡೆಯುವ ಲಿನಕ್ಸ್ ಯಾವ ಒಡೆಯನ ಖಾಸಗಿ ಸೊತ್ತೂ ಅಲ್ಲ. 1991ರಿಂದ ಸಾವಿರಾರು ಮಂದಿ ದುಡಿದು ಕಟ್ಟಿ, ಯಾರಾದರೂ ಬಳಸಿರಿ, ತಿದ್ದಿರಿ, ಹಂಚಿರಿ ಎಂದು ಬಿಟ್ಟಿರುವ ಸಾಮೂಹಿಕ ಶ್ರಮದ ಫಲವದು.

ಯಂತ್ರದ ಮಾತು ಸಮಾಜವಾದಿಗಳಿಗೇಕೆ ಎನ್ನುವ ಗೆಳೆಯರು 1952ರ ಪಂಚಮಢಿ ಸಮ್ಮೇಳನವನ್ನು ನೆನೆಯಲಿ. ಹಿಂದಿನ ವರ್ಷವಷ್ಟೇ ಕಾಗೋಡಿನ ಗೇಣಿದಾರರ ಸತ್ಯಾಗ್ರಹದಲ್ಲಿ ಸೆರೆಯಾಗಿದ್ದ ಲೋಹಿಯಾ ಅವರು ಅಲ್ಲಿ ಸಣ್ಣ ಯಂತ್ರದ ವಾದವನ್ನು ಮುಂದಿಟ್ಟರು. ದೊಡ್ಡ ಯಂತ್ರ ದೊಡ್ಡ ಬಂಡವಾಳವನ್ನೂ ದೂರದ ಅಧಿಕಾರವನ್ನೂ ಬೇಡುತ್ತದೆ. ಸಣ್ಣ ಯಂತ್ರವನ್ನು ಹಳ್ಳಿಯೇ ಆಳಬಹುದು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆಯವರು ಹಳ್ಳಿಯವರದೇ ವೈಫೈ ಜಾಲ ಕಟ್ಟಿ, ಹಳ್ಳಿಗರ ದನಿಯ ‘ನಮ್ಮ ಹಳ್ಳಿ ರೇಡಿಯೊ’ ನಡೆಸಿ ತೋರಿಸಿದ್ದಾರೆ. ಅಲ್ಲಿ ಸಾಧ್ಯವಾದದ್ದು ಕನಕಗಿರಿಯಲ್ಲಿ ಏಕಾಗದು?

ತೊಡಕುಗಳಿಲ್ಲವೆಂದಲ್ಲ. ಕರೆಂಟು ಹಠಾತ್ತನೆ ಹೋದರೆ ಮೆಮೊರಿ ಕಾರ್ಡು ಕೆಡಬಹುದು. ಸಣ್ಣದೊಂದು ಬ್ಯಾಟರಿ ಬೇಕು. ನಮ್ಮ ಬೇಸಿಗೆಯಲ್ಲಿ ಹಲಗೆ ಕಾಯುತ್ತದೆ. ಅದರ ಶಾಖ 80 ಡಿಗ್ರಿ ಮುಟ್ಟಿದರೆ ತಾನಾಗಿಯೇ ನಿಧಾನಿಸುತ್ತದೆ. ಪುಟ್ಟ ಫ್ಯಾನು ಬೇಕು. ಒಳಗಿನದೆಲ್ಲದರ ಇನ್ನೊಂದು ಪ್ರತಿ ಬೇರೊಂದು ಕಟ್ಟಡದಲ್ಲಿರಬೇಕು. ಜನರ ಆಧಾರ್, ಬ್ಯಾಂಕಿನ ಕಾಗದಗಳನ್ನು ಎಲ್ಲರೂ ತೆರೆಯುವ ಪೆಟ್ಟಿಗೆಯಲ್ಲಿ ಹಾಕಲೇಕೂಡದು. ತಿಂಗಳಿಗೊಮ್ಮೆಯಾದರೂ ತಂತ್ರಾಂಶವನ್ನು ಹೊಸದುಮಾಡುವ ಒಬ್ಬ ಹುಡುಗನೋ ಹುಡುಗಿಯೋ ಊರಲ್ಲೇ ತಯಾರಾಗಬೇಕು.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ, ಪೆಟ್ಟಿಗೆಯನ್ನು ಎಲ್ಲಿಡುವುದು ಎಂಬುದು. ಸಾಧಾರಣ ವೈಫೈ ನಾಲ್ಕು ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. ಗೌಡರ ಪಡಸಾಲೆಯಲ್ಲಿಟ್ಟರೆ ಅದು ಗೌಡರ ಓಣಿಯ ಸರ್ವರ್ ಆದೀತು. ದಲಿತರ ಕೇರಿಗೆ ಅದರ ಸುಳಿವೂ ಸಿಗದು. ಊರ ಬಾವಿಯ ಬಳಿ ಮಾಡಿದ ಅನ್ಯಾಯವನ್ನು ವೈಫೈ ಬಳಿಯೂ ಮಾಡಿದರೆ ಅದಕ್ಕೆ ಸಮಾಜವಾದವೆಂಬ ಹೆಸರು ಬೇಡ. ಎಲ್ಲ ಕೇರಿಯವರೂ ತಡೆಯಿಲ್ಲದೆ ಕಾಲಿಡುವ ಸಾರ್ವಜನಿಕ ಜಾಗದಲ್ಲಿಯೇ ಅದಿರಬೇಕು. ಅದರ ಕೀಲಿ ಹೆಂಗಸರೂ ದಲಿತರೂ ಇರುವ ಸಮಿತಿಯ ಕೈಯಲ್ಲಿರಬೇಕು.

ಅಂಥ ಜಾಗ ಈಗಾಗಲೇ ಇದೆ. ಪಂಚಾಯಿತಿ ಗ್ರಂಥಾಲಯಗಳಿಗೆ ಸರ್ಕಾರ ಅರಿವು ಕೇಂದ್ರವೆಂದು ಹೆಸರಿಟ್ಟಿದೆ. ಬೋರ್ಡು ಬರೆಸಿದ ಮಾತ್ರಕ್ಕೆ ಅರಿವು ಬರುವುದಿಲ್ಲ. ಕನಕಗಿರಿ ತಾಲೂಕಿನ ಪ್ರತಿಯೊಂದು ಅರಿವು ಕೇಂದ್ರದಲ್ಲಿಯೂ ಇಂಥದೊಂದು ಸರ್ವರ್ ಕೂಡಬೇಕು. ಅದರಲ್ಲಿ ಮಕ್ಕಳ ಪಾಠದ ಜೊತೆಗೆ ಗ್ರಾಮಸಭೆಯ ಠರಾವು, ಪಂಚಾಯಿತಿಯ ಖರ್ಚುವೆಚ್ಚ, ನಮ್ಮ ಬಯಲಾಟದ ಹಿರಿಯ ಕಲಾವಿದರ ದನಿ ಸೇರಬೇಕು. ಕಾರ್ಯಕರ್ತರು ಮುಂದಿನ ಗ್ರಾಮಸಭೆಗೆ ಬರಿಗೈಯಲ್ಲಿ ಹೋಗದೆ ಈ ಬೇಡಿಕೆಯ ಠರಾವನ್ನು ಬರೆದುಕೊಂಡೇ ಹೋಗಲಿ. ಖರ್ಚಿಲ್ಲವೆಂದು ಹೇಳುವ ಪಂಚಾಯಿತಿಯ ಮುಂದೆ ತಿಂಗಳಿಗೆ ಐದು ಯೂನಿಟ್ಟಿನ ಲೆಕ್ಕವನ್ನು ಇಡಲಿ.