ಹಿಂದಿನ ಆಸನದ ಅರ್ಥಶಾಸ್ತ್ರ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಸ್ಕೂಟರ್ ಕೊಳ್ಳುವವರಿಗೆ ಎಷ್ಟು ಸಾವಿರ ಉಳಿಯುತ್ತದೆ ಎಂಬ ಲೆಕ್ಕಾಚಾರವೇ ಆ ದಿನಗಳ ಚರ್ಚೆಯನ್ನೆಲ್ಲ ತುಂಬಿತ್ತು. ಗುಮಾಸ್ತನೊಬ್ಬ ಕಚೇರಿಗೆ, ಶಿಕ್ಷಕಿಯೊಬ್ಬರು ಶಾಲೆಗೆ ಹೋಗುವ ವಾಹನವನ್ನು 2017ರಿಂದ ಎಂಟು ವರ್ಷಗಳ ಕಾಲ ತೆರಿಗೆಯ ಅತಿ ಎತ್ತರದ ಹಂತದಲ್ಲಿ, ಕಾರುಗಳ ಪಂಕ್ತಿಯಲ್ಲಿಯೇ ಕೂರಿಸಿದ್ದು ಏಕೆ ಎಂದು ಕೇಳಿದವರು ವಿರಳ. ಬೆಲೆಯ ಮಾತು ಬಂದಾಗ ಬಳಕೆಯ ಮಾತು ಹಿಂದೆ ಸರಿಯುವುದು ನಮ್ಮಲ್ಲಿ ಹಳೆಯ ರೂಢಿ.

ನನ್ನ ತಲೆಮಾರಿನವರಿಗೆ ಸ್ಕೂಟರ್ ಎಂದೊಡನೆ ನೆನಪಾಗುವುದು ಸರದಿ. ನಾನು ಪ್ರೌಢಶಾಲೆಯಲ್ಲಿದ್ದಾಗ ತಂದೆಯವರು ಮುಂಗಡ ಕಟ್ಟಿ ಹೆಸರು ನೋಂದಾಯಿಸಿದ ಸ್ಕೂಟರ್ ಮನೆಗೆ ಬಂದಾಗ ನಾನು ಎಂ.ಎ. ತರಗತಿಯಲ್ಲಿದ್ದೆ. ಯಾವ ಬಣ್ಣ ಬೇಕೆಂದು ಅವರನ್ನು ಯಾರೂ ಕೇಳಲಿಲ್ಲ. ಕೇಳಬಹುದಿತ್ತೆಂದು ಅವರಿಗೂ ಹೊಳೆಯಲಿಲ್ಲ. ಉತ್ಪಾದನೆಯ ಪ್ರಮಾಣವನ್ನೇ ಲೈಸೆನ್ಸ್ ನಿರ್ಧರಿಸುತ್ತಿದ್ದ ಕಾಲವದು. 1972ರಲ್ಲಿ ಬಂದ ಬಜಾಜ್ ಚೇತಕ್, ಇಟಲಿಯ ವೆಸ್ಪಾ ವಿನ್ಯಾಸದ ವಂಶಕ್ಕೆ ಸೇರಿದ್ದು. ಗೇರು ಎಡಗೈಯಲ್ಲಿ, ಹಿಂದಿನ ಚಕ್ರದ ಬ್ರೇಕು ಬಲಗಾಲಿನಡಿ. ಎಂಜಿನ್ ಬಲಬದಿಗೆ ಇದ್ದುದರಿಂದ ಭಾರ ಒಂದೇ ಕಡೆಗೆ. ಬೆಳಗಿನ ಹೊತ್ತು ಗಾಡಿಯನ್ನು ಓರೆಯಾಗಿ ಬಗ್ಗಿಸಿ, ಬಳಿಕ ಒದೆಯುವುದು ಅನೇಕ ಮನೆಗಳ ಮುಂದಿನ ನಿತ್ಯವಿಧಿ. ಪಂಕ್ಚರ್ ಆದಾಗ ಕೈಹಿಡಿಯುತ್ತಿದ್ದ ಸ್ಟೆಪ್ನಿಯ ಉಪಕಾರವನ್ನು ಮರೆಯಲಾಗದು. ಆದರೆ ಗ್ರಾಹಕನೇ ವರ್ಷಗಟ್ಟಲೆ ಕಾಯುವ ಮಾರುಕಟ್ಟೆಯಲ್ಲಿ ಅವನ ಸೊಂಟನೋವನ್ನು ವಿಚಾರಿಸುವ ಅಗತ್ಯ ಉತ್ಪಾದಕನಿಗೆ ಬೀಳುವುದಿಲ್ಲ.

ಬದಲಾವಣೆ ತಂದದ್ದು ಗೇರಿಲ್ಲದ ಯಂತ್ರ. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಗುಂಡಿ ಒತ್ತಿದರೆ ಚಾಲೂ ಆಗುತ್ತಿತ್ತು. ಎಂಜಿನ್ನಿನ ವೇಗಕ್ಕೆ ತಕ್ಕಂತೆ ಬೆಲ್ಟ್ ಮತ್ತು ರಾಟೆಗಳು ತಾವೇ ಹೊಂದಿಕೊಳ್ಳುವ ಈ ವ್ಯವಸ್ಥೆಯಲ್ಲಿ ಕ್ಲಚ್ಚಿಲ್ಲದೆ ಎಡಗೈ ಬಿಡುವಾಯಿತು, ಎರಡೂ ಬ್ರೇಕುಗಳು ಕೈಗೆ ಬಂದವು. ತೊಂಬತ್ತರ ದಶಕದಲ್ಲಿ ಟಿವಿಎಸ್ ಸ್ಕೂಟಿ, 2001ರಲ್ಲಿ ಹೋಂಡಾ ಆಕ್ಟಿವಾ ಬಂದವು. ಮೊದಲು ‘ಹೆಂಗಸರ ಗಾಡಿ’ ಎಂದು ಮೂಗು ಮುರಿದ ಗಂಡಸರೇ ನಂತರ ಅದನ್ನು ಕೊಂಡರು. ಚೇತಕ್ ಕಣ್ಮರೆಯಾಗಿ, 2020ರಲ್ಲಿ ವಿದ್ಯುತ್ ರೂಪದಲ್ಲಿ ಮರಳಿತು.

ಆದರೂ ಸ್ಪರ್ಧೆಯೊಂದೇ ಎಲ್ಲವನ್ನೂ ಸರಿಪಡಿಸುತ್ತದೆಂಬ ನಂಬಿಕೆ ನನಗಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೇ ನೋಡಿ. ಅದು ಸೀಟಿನಡಿ ಇದ್ದರೆ ಬಂಕಿನಲ್ಲಿ ಹಿಂದೆ ಕುಳಿತ ವೃದ್ಧೆ ಇಳಿಯಬೇಕು, ಕೈಯಲ್ಲಿನ ಚೀಲ ನೆಲಕ್ಕಿಳಿಯಬೇಕು, ಮಳೆಯಿದ್ದರೆ ಸೀಟಿನಡಿಯ ಕಾಗದಪತ್ರವೂ ನೆನೆಯಬೇಕು. 2013ರಲ್ಲಿ ಬಂದ ಟಿವಿಎಸ್ ಜುಪಿಟರ್ ಈ ಮುಚ್ಚಳವನ್ನು ಹೊರಗಿಟ್ಟಿತ್ತು. ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಆಕ್ಟಿವಾದ 110 ಸಿಸಿ ಮಾದರಿಗೆ ಆ ಸೌಲಭ್ಯ ದಕ್ಕಿದ್ದು 2020ರಲ್ಲಿ. ಅದರ ಮುಂದಿನ ಚಕ್ರ 10 ಅಂಗುಲದಿಂದ 12 ಅಂಗುಲಕ್ಕೆ ಹಿಗ್ಗಿದ್ದೂ ಆಗಲೇ. ಮೋಟರ್‌ಸೈಕಲ್ಲಿನ ಚಕ್ರ ಸಾಮಾನ್ಯವಾಗಿ 17 ಅಥವಾ 18 ಅಂಗುಲ. ಅದು ದಾಟಿಹೋಗುವ ಗುಂಡಿಯೊಳಕ್ಕೆ ಸ್ಕೂಟರಿನ ಪುಟ್ಟ ಚಕ್ರ ಇಳಿದುಬಿಡುತ್ತದೆ ಎಂಬುದನ್ನು ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ.

ಆ ಕುಲುಕಾಟದ ದೊಡ್ಡ ಪಾಲು ಹಿಂಬದಿ ಸವಾರರದು. ಓಡಿಸುವವನಿಗೆ ಗುಂಡಿ ಮೊದಲೇ ಕಾಣುತ್ತದೆ, ಮೈ ಬಿಗಿಹಿಡಿಯುತ್ತಾನೆ. ಹಿಂದಿನ ಚಕ್ರದ ಮೇಲೆಯೇ ಕುಳಿತವರಿಗೆ ಅದು ತಿಳಿಯುವುದು ಬೆನ್ನುಹುರಿಯ ಮೂಲಕ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವು ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಆಸರೆ, ಬಟ್ಟೆ ಚಕ್ರಕ್ಕೆ ಸಿಲುಕದಂತೆ ತಡೆ ಇರಬೇಕೆಂದು ವಿಧಿಸುತ್ತದೆ. ಸೀರೆಯುಟ್ಟ ಮಹಿಳೆಯ ಸುರಕ್ಷತೆ ಕಾನೂನಿನ ಕಣ್ಣಿಗೆ ಬಿದ್ದಿದೆ, ಆಕೆಯ ಸೌಖ್ಯ ಬಿದ್ದಿಲ್ಲ. ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುವವರಿಗೆ ಅಂಗಾಲು ಪೂರ್ತಿ ಊರುವ ಹಲಗೆ ಬೇಕು. ಸಿಗುವುದು ಬಹುಪಾಲು ಮುಂಗಾಲು ಮಾತ್ರ ತಾಗುವ ಕಡ್ಡಿ. ಹಿಡಿಕೆ ಬೆನ್ನ ಹಿಂದಿರುವುದರಿಂದ ಅವರು ಗಂಡನ ಅಥವಾ ಮಗನ ಹೆಗಲನ್ನೇ ಹಿಡಿಯುತ್ತಾರೆ. ಮಂಡಿನೋವು ಶುರುವಾದ ಮೇಲೆ ನನ್ನ ಮನೆಯವರು ಸ್ಕೂಟರ್ ಏರುವುದನ್ನೇ ಬಿಟ್ಟರು. ಮಾರುಕಟ್ಟೆಗೆ ಹೋಗುವುದೂ ಕಡಿಮೆಯಾಯಿತು.

ವಿದ್ಯುತ್ ಸ್ಕೂಟರುಗಳು ಇಲ್ಲಿ ಕೊಂಚ ಆಶೆ ಹುಟ್ಟಿಸಿವೆ. ಬೆಂಗಳೂರಿನದೇ ಕಂಪನಿ ಏಥರ್ 2024ರಲ್ಲಿ ‘ರಿಜ್ಟಾ’ ಎಂಬ ಮಾದರಿಯನ್ನು ಕುಟುಂಬದ ವಾಹನವೆಂದೇ ಬಿಡುಗಡೆ ಮಾಡಿತು: ಅಗಲವಾದ ಸೀಟು, ಅದರಡಿ 34 ಲೀಟರ್ ಸ್ಥಳ. ಎಂಜಿನ್ನಿನ ಕಂಪನ, ಬಿಸಿ ಎರಡೂ ಇಲ್ಲ. ಆದರೆ ಅನಾನುಕೂಲ ಈಗ ರಸ್ತೆಯಿಂದ ಮನೆಗೆ ಸ್ಥಳಾಂತರಗೊಂಡಿದೆ. ಮೂರನೇ ಮಹಡಿಯ ಬಾಡಿಗೆದಾರ ಚಾರ್ಜಿಂಗಿಗೆ ಪ್ಲಗ್ ಪಾಯಿಂಟ್ ಹಾಕಿಸಿಕೊಳ್ಳಲು ಮನೆಯ ಮಾಲೀಕರ ಮರ್ಜಿ ಕಾಯಬೇಕು.

ಕಾರ್ಖಾನೆಗಳು ಎಷ್ಟೇ ಸುಧಾರಿಸಿದರೂ ಸರ್ಕಾರದ ಪಾಲು ಉಳಿದೇ ಇದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮೃತಪಟ್ಟ 1,68,491 ಮಂದಿಯ ಪೈಕಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. 2019ರಿಂದ 125 ಸಿಸಿವರೆಗಿನ ವಾಹನಗಳಿಗೆ ಸಂಯೋಜಿತ ಬ್ರೇಕು ಕಡ್ಡಾಯವಾದದ್ದು ಸರಿಯಾದ ಹೆಜ್ಜೆ. ಆದರೆ ರಸ್ತೆಯ ಉಬ್ಬುಗಳ ಮಾತೇನು? ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಉಬ್ಬಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ಅಂದರೆ ಚಕ್ರ ನಿಧಾನವಾಗಿ ಏರಿ ಇಳಿಯಬೇಕು. ನಮ್ಮ ಬಡಾವಣೆಗಳಲ್ಲಿ ಅದೇ ಎತ್ತರವನ್ನು ಒಂದು ಮಾರು ಅಗಲದೊಳಗೆ ಗುಡ್ಡೆ ಹಾಕಿರುತ್ತಾರೆ. ಸೇವೆಯಲ್ಲಿದ್ದಾಗ ರಸ್ತೆ ಕಾಮಗಾರಿಗಳ ಎಷ್ಟೋ ಕಡತಗಳಿಗೆ ನಾನೇ ಸಹಿ ಹಾಕಿದ್ದೇನೆ. ಡಾಂಬರಿನ ದಪ್ಪ ಪರಿಶೀಲಿಸಿದ ವರದಿಗಳಿರುತ್ತಿದ್ದವು. ಉಬ್ಬನ್ನು ಅಳೆದ ಟಿಪ್ಪಣಿ ಒಂದನ್ನೂ ಕಂಡ ನೆನಪಿಲ್ಲ, ಅದನ್ನು ಕೇಳಿದ ನೆನಪೂ ಇಲ್ಲ. ಅಳತೆ ತಪ್ಪಿದ ಉಬ್ಬನ್ನು ಸರಿಪಡಿಸುವವರೆಗೆ ಗುತ್ತಿಗೆದಾರರ ಬಿಲ್ಲು ತಡೆಹಿಡಿಯುವ ಷರತ್ತನ್ನು ಟೆಂಡರಿನಲ್ಲಿ ಸೇರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಮಾನದಂಡ ಈಗಾಗಲೇ ಇದೆ, ಬೇಕಿರುವುದು ಒಂದು ಅಳತೆಪಟ್ಟಿ.